ಕಡಲಕ್ಕಿಯ ಹೆಸರಿಗಿಂತ ಮೊದಲು ಅದರ ವಯಸ್ಸು ಕೇಳಿ

2025ರ ಡಿಸೆಂಬರಿನಲ್ಲಿ ಕಾರವಾರದ ಕಡಲತೀರದಲ್ಲಿ ಗಾಯಗೊಂಡ ಕಡಲಕ್ಕಿಯೊಂದು ಸಿಕ್ಕಿತು. ಅದು ಹೊತ್ತಿದ್ದ ಜಿಪಿಎಸ್ ಟ್ರ್ಯಾಕರ್ ಚೀನಾದ ಸಂಶೋಧನಾ ಸಂಸ್ಥೆಯೊಂದಕ್ಕೆ ಸೇರಿದ್ದಾಗಿತ್ತು. ಕಾರವಾರ ನೌಕಾನೆಲೆ ಇರುವ ಊರಾದ್ದರಿಂದ ಸುದ್ದಿ ಎಲ್ಲೆಡೆ ಹರಡಿತು. ವಲಸೆ ಹಕ್ಕಿಗಳ ದಾರಿ ತಿಳಿಯಲು ಇಂಥ ಸಾಧನ ಕಟ್ಟುವುದು ಜಗತ್ತಿನಾದ್ಯಂತ ನಡೆದುಬಂದಿರುವ ಕೆಲಸ. ಅದು ಹಾಗಿರಲಿ. ಅಂದು ಫೋಟೊ ಹಂಚಿಕೊಂಡವರಲ್ಲಿ ಬಹುತೇಕರು ಬರೆದದ್ದು 'ಸೀಗಲ್' ಎಂದಷ್ಟೇ. ಯಾವ ಸೀಗಲ್, ಎಲ್ಲಿಂದ ಬಂದದ್ದು ಎಂಬ ಪ್ರಶ್ನೆಗೆ ಆ ಹೆಸರಿನಲ್ಲಿ ಉತ್ತರವಿಲ್ಲ.

ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿಗೆ ಪ್ರತಿ ಚಳಿಗಾಲ ಹಲವು ಜಾತಿಯ ಕಡಲಕ್ಕಿಗಳು ಬರುತ್ತವೆ. ಒಂದು ಜಾತಿಯ ತವರು ಲಡಾಖ್ ಮತ್ತು ಟಿಬೆಟ್ಟಿನ ಎತ್ತರದ ಸರೋವರಗಳು. ಇನ್ನೊಂದು ರಷ್ಯಾದ ಉತ್ತರ ತುದಿಯ ಟಂಡ್ರಾದಿಂದ ಹೊರಟು ಬರುತ್ತದೆ. ಮತ್ತೊಂದಕ್ಕೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳೇ ಮನೆ. ಇವುಗಳಲ್ಲಿ ಯಾವುದೂ ಕರ್ನಾಟಕದಲ್ಲಿ ಗೂಡು ಕಟ್ಟುವುದಿಲ್ಲ. ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಬಂದಿಳಿಯುತ್ತವೆ, ಏಪ್ರಿಲ್ ಮುಗಿಯುವುದರೊಳಗೆ ಹೆಚ್ಚಿನವು ಹೊರಟುಹೋಗುತ್ತವೆ.

ಮಲ್ಪೆಯ ಬಂದರಿನಲ್ಲೋ ಅಘನಾಶಿನಿ ಅಳಿವೆಯಲ್ಲೋ ನಿಂತು ಪುಸ್ತಕ ತೆರೆದವರಿಗೆ ಮೊದಲ ದಿನವೇ ತಲೆ ಕೆಡುತ್ತದೆ. ಪುಸ್ತಕದ ಹಕ್ಕಿಗೆ ಕಂದು ತಲೆ ಇದೆ, ಎದುರಿಗಿರುವುದರ ತಲೆ ಬಿಳಿ. ಪುಸ್ತಕದಲ್ಲಿ ಕೊಕ್ಕು ಕೆಂಪು, ಇಲ್ಲಿ ಕಿತ್ತಳೆ, ತುದಿಯಲ್ಲಿ ಕಪ್ಪು. ಒಂದೇ ಗುಂಪಿನಲ್ಲಿ ನಾಲ್ಕು ಬಗೆ ಕಂಡರೆ ನಾಲ್ಕು ಜಾತಿ ಇರಬೇಕು ಅನ್ನಿಸುವುದು ಸಹಜ. ಹೆಚ್ಚಿನ ಸಲ ಅಲ್ಲಿರುವುದು ಒಂದೇ ಜಾತಿಯ ಬೇರೆ ಬೇರೆ ವಯಸ್ಸಿನ ಹಕ್ಕಿಗಳು. ಆದ್ದರಿಂದ ಕಡಲಕ್ಕಿಗಳ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ವಯಸ್ಸು. ಅದು ಗೊತ್ತಾದ ಮೇಲೆ ಹೆಸರು ಹುಡುಕುವ ಕೆಲಸ ಅರ್ಧ ಮುಗಿದಿರುತ್ತದೆ.

ರೀವವಲ್ಲ ತಾನೆ?

ಕಡಲತೀರದಲ್ಲಿ ಕಾಣುವ ಬೂದು-ಬಿಳಿ ಹಕ್ಕಿಗಳೆಲ್ಲ ಕಡಲಕ್ಕಿಗಳಲ್ಲ. ರೀವಗಳು, ಅಂದರೆ ಟರ್ನ್‌ಗಳು, ಇದೇ ಬಣ್ಣದಲ್ಲಿ ಇದೇ ಮರಳಿನ ಮೇಲೆ ಕುಳಿತಿರುತ್ತವೆ. ರೀವದ ಮೈ ಸಪೂರ, ಕಾಲು ಗಿಡ್ಡ, ಕೊಕ್ಕು ನೇರವಾಗಿ ಚೂಪು, ಬಾಲ ಸಾಮಾನ್ಯವಾಗಿ ಕವಲೊಡೆದದ್ದು. ಗಾಳಿಯಲ್ಲಿ ನಿಂತು ತಲೆಕೆಳಗಾಗಿ ನೀರಿಗೆ ಧುಮುಕಿ ಮೀನು ಹಿಡಿಯುವ ಹಕ್ಕಿ ಕಂಡರೆ ಅದು ಬಹುತೇಕ ರೀವವೇ. ಕಡಲಕ್ಕಿಯದು ತುಸು ಭಾರದ ಮೈ, ಅಗಲ ರೆಕ್ಕೆ. ಮರಳ ಮೇಲೆ ಆರಾಮಾಗಿ ನಡೆದಾಡುತ್ತದೆ, ನೀರಿನ ಮೇಲೆ ಕುಳಿತು ತೇಲುತ್ತದೆ, ಬಲೆಯಿಂದ ಬಿದ್ದ ಮೀನನ್ನು ಹೆಕ್ಕುತ್ತದೆ. ಬೆಳೆದ ಹಕ್ಕಿಯ ಬಾಲದ ತುದಿ ನೇರ, ಕೊಕ್ಕಿನ ತುದಿ ಸ್ವಲ್ಪ ಕೆಳಕ್ಕೆ ಬಾಗಿದೆ.

ಗರಿ ಹಳತಾಗುವ ಬಗೆ

ವಯಸ್ಸು ಓದಬೇಕಾದರೆ ಗರಿಯ ಬಗ್ಗೆ ಒಂದು ಮಾತು ತಿಳಿದಿರಬೇಕು. ಬೆಳೆದು ಮುಗಿದ ಗರಿ ನಿರ್ಜೀವ ವಸ್ತು. ನಮ್ಮ ಉಗುರಿನ ತುದಿಯಲ್ಲಿ ಹೇಗೆ ರಕ್ತವಿಲ್ಲವೋ ಇದರಲ್ಲೂ ಇಲ್ಲ. ಹಾಗಾಗಿ ಒಮ್ಮೆ ಮೂಡಿದ ಗರಿ ಹೊಸ ಬಣ್ಣ ತುಂಬಿಕೊಳ್ಳಲಾರದು. ಅದಕ್ಕೆ ಗೊತ್ತಿರುವುದು ಮಾಸುವುದು ಮತ್ತು ಸವೆಯುವುದು ಮಾತ್ರ. ಬಣ್ಣ ಬದಲಾಗಬೇಕಾದರೆ ಹಳೆ ಗರಿ ಉದುರಿ ಹೊಸದು ಬರಬೇಕು. ಹೀಗೆ ಗರಿ ಬದಲಿಸುವುದಕ್ಕೆ ಹಕ್ಕಿವೀಕ್ಷಕರು ಮೋಲ್ಟ್ ಎನ್ನುತ್ತಾರೆ.

ವರ್ಷಪೂರ್ತಿ ಬಿಸಿಲಿಗೆ ಒಣಗಿದ ಬಣ್ಣದ ಅಂಗಿಯನ್ನು ನೋಡಿ. ಹೆಗಲ ಮೇಲೆ ಬಣ್ಣ ಹೋಗಿರುತ್ತದೆ, ಜೇಬಿನ ಮುಚ್ಚಳ ಎತ್ತಿದರೆ ಅಡಿಯಲ್ಲಿ ಹೊಸತರ ಬಣ್ಣ ಹಾಗೇ ಇರುತ್ತದೆ. ಕಡಲಕ್ಕಿಯ ರೆಕ್ಕೆಯೂ ಹಾಗೆಯೇ. ಒಂದರ ಮೇಲೊಂದು ಹೊದಿಸಿದಂತಿರುವ ಗರಿಗಳಲ್ಲಿ ಹೊರಗೆ ಕಾಣುವ ಅಂಚು ಉಪ್ಪುಗಾಳಿಗೆ, ಬಿಸಿಲಿಗೆ, ಮರಳಿನ ಉಜ್ಜಿಗೆ ಮಾಸುತ್ತದೆ, ಮುಚ್ಚಿಕೊಂಡ ಭಾಗ ಉಳಿಯುತ್ತದೆ. ಅಕ್ಟೋಬರಿನಲ್ಲಿ ಗಾಢ ಕಂದಾಗಿದ್ದ ಎಳೆಯ ಹಕ್ಕಿಯ ರೆಕ್ಕೆ ಏಪ್ರಿಲ್ ಹೊತ್ತಿಗೆ ತಿಳಿ ಕಂದಾಗಿ, ಕೆಲವೆಡೆ ಬಿಳಿಚಿಕೊಂಡಿರುವುದು ಇದೇ ಕಾರಣಕ್ಕೆ.

ಬಹುತೇಕ ಕಡಲಕ್ಕಿಗಳ ರೆಕ್ಕೆಯ ತುದಿ ಕಪ್ಪಗಿರುವುದಕ್ಕೂ ಇಲ್ಲಿ ವಿವರಣೆ ಇದೆ. ಕಪ್ಪು ಬಣ್ಣ ಕೊಡುವ ಮೆಲನಿನ್ ಗರಿಯನ್ನು ಗಟ್ಟಿಯಾಗಿಸುತ್ತದೆ. ಸಾವಿರಾರು ಕಿಲೋಮೀಟರ್ ಹಾರುವ ಹಕ್ಕಿಯ ರೆಕ್ಕೆಯ ತುದಿಗೇ ಅತಿ ಹೆಚ್ಚು ಸವೆತ, ಅಲ್ಲಿ ಮೆಲನಿನ್ ಇದ್ದರೆ ಬಾಳಿಕೆ ಜಾಸ್ತಿ. ಅದೇ ತುದಿಯಲ್ಲಿರುವ ಬಿಳಿ ಚುಕ್ಕೆಗಳಿಗೆ ಆ ರಕ್ಷಣೆ ಇಲ್ಲ, ಅವು ಬೇಗ ಸವೆಯುತ್ತವೆ. ಚಳಿಗಾಲದ ಆರಂಭದಲ್ಲಿ ಎದ್ದು ಕಾಣುವ ಬಿಳಿ ತುದಿಗಳು ಬೇಸಿಗೆಯ ಹೊತ್ತಿಗೆ ಮಾಯವಾಗಿರಬಹುದು. ಹಕ್ಕಿ ಅದೇ, ಜಾತಿ ಅದೇ, ಗರಿ ಮಾತ್ರ ಹಳತು.

ವಯಸ್ಸಿನ ಲೆಕ್ಕ

ಮರಿ ಗೂಡಿನಿಂದ ಹೊರಬರುವಾಗ ಇರುವ ಮೊದಲ ಗರಿಹೊದಿಕೆಗೆ ಜುವೆನೈಲ್ ಎಂದು ಹೆಸರು. ಸಾಮಾನ್ಯವಾಗಿ ಕಂದು ಬಣ್ಣ, ಪ್ರತಿ ಗರಿಗೂ ತಿಳಿ ಅಂಚು. ದೂರದಿಂದ ಬೆನ್ನು ಹುರುಪೆ ಹುರುಪೆಯಾಗಿ ಕಾಣುತ್ತದೆ. ಕೆಲವೇ ತಿಂಗಳಲ್ಲಿ ತಲೆ ಮತ್ತು ಬೆನ್ನಿನ ಗರಿಗಳು ಬದಲಾಗುತ್ತವೆ, ರೆಕ್ಕೆ ಮತ್ತು ಬಾಲದವು ಹಳೆಯವೇ ಉಳಿಯುತ್ತವೆ. ಈ ಅರ್ಧ ಹೊಸ, ಅರ್ಧ ಹಳೆಯ ರೂಪವೇ ಫಸ್ಟ್ ವಿಂಟರ್, ಮೊದಲ ಚಳಿಗಾಲದ ರೂಪ. ನಮ್ಮ ಕರಾವಳಿಯಲ್ಲಿ ನೋಡಸಿಗುವ ಎಳೆಯ ಹಕ್ಕಿಗಳಲ್ಲಿ ಹೆಚ್ಚಿನವು ಇವೇ. ಮುಂದಿನ ಬೇಸಿಗೆ–ಮಳೆಗಾಲದಲ್ಲಿ ರೆಕ್ಕೆ, ಬಾಲ ಸೇರಿ ಇಡೀ ಮೈಯ ಗರಿ ಬದಲಾಗಿ ಎರಡನೆಯ ಚಳಿಗಾಲದ ರೂಪ ಬರುತ್ತದೆ.

ಇಲ್ಲಿಂದ ಮುಂದೆ ದಾರಿ ಕವಲಾಗುತ್ತದೆ. ಸಣ್ಣ ಕಡಲಕ್ಕಿಗಳು ಎರಡನೆಯ ಚಳಿಗಾಲದಲ್ಲೇ ಹೆಚ್ಚುಕಡಿಮೆ ಬೆಳೆದ ಹಕ್ಕಿಯಂತೆ ಕಾಣುತ್ತವೆ. ದೊಡ್ಡವು ಆ ರೂಪ ಪಡೆಯುವುದು ನಾಲ್ಕನೆಯ ಚಳಿಗಾಲದಲ್ಲಿ. ಅಷ್ಟರವರೆಗೆ ಪ್ರತಿ ವರ್ಷ ಕಂದು ಕಡಿಮೆಯಾಗುತ್ತಾ ಬೂದು ಹೆಚ್ಚುತ್ತಾ ಹೋಗುತ್ತದೆ. ಹಕ್ಕಿವೀಕ್ಷಕರು 'ಎರಡು ವರ್ಷದ ಗಲ್', 'ನಾಲ್ಕು ವರ್ಷದ ಗಲ್' ಎನ್ನುವಾಗ ಹೇಳುತ್ತಿರುವುದು ಬೆಳೆದ ರೂಪಕ್ಕೆ ತಗಲುವ ಕಾಲ, ಹಕ್ಕಿಯ ಆಯುಸ್ಸು ಅಲ್ಲ.

ಲೆಕ್ಕ ತಪ್ಪುವ ಜಾಗವೊಂದಿದೆ. ಜೂನ್ ತಿಂಗಳಲ್ಲಿ ಮೊಟ್ಟೆಯೊಡೆದ ಹಕ್ಕಿ ಬರುವ ಜನವರಿಯಲ್ಲೂ ಮೊದಲ ಚಳಿಗಾಲದ್ದೇ, ವಯಸ್ಸು ಏಳು ತಿಂಗಳು. ಆದರೆ ಕ್ಯಾಲೆಂಡರ್ ವರ್ಷ ಎಣಿಸುವ ಪದ್ಧತಿಯಲ್ಲಿ ಜನವರಿ 1ಕ್ಕೆ ಅದು 'ಎರಡನೆಯ ವರ್ಷದ ಹಕ್ಕಿ' ಆಗಿಬಿಡುತ್ತದೆ. ಫೋಟೊದ ಕೆಳಗೆ ವಯಸ್ಸು ಬರೆಯುವಾಗ ಯಾವ ಪದ್ಧತಿ ಎಂದು ಹೇಳುವುದು ಒಳ್ಳೆಯದು. ನನ್ನ ಮಟ್ಟಿಗೆ ಹೊಸಬರಿಗೆ ಚಳಿಗಾಲ ಎಣಿಸುವ ಪದ್ಧತಿಯೇ ಸುಲಭ, ಏಕೆಂದರೆ ನಮಗೆ ಇವು ಕಾಣಸಿಗುವುದೇ ಚಳಿಗಾಲದಲ್ಲಿ.

ಕಂದುತಲೆ, ಕಪ್ಪುತಲೆ: ತಲೆ ಬಿಟ್ಟು ರೆಕ್ಕೆ ನೋಡಿ

ನಮ್ಮಲ್ಲಿ ಅತಿ ಸುಲಭವಾಗಿ ಸಿಗುವುದು ಕಂದುತಲೆ ಕಡಲಕ್ಕಿ, ಬ್ರೌನ್ ಹೆಡೆಡ್ ಗಲ್. ಮಲ್ಪೆಯಲ್ಲಿ ಮೀನು ಇಳಿಸುವ ಹೊತ್ತಿಗೆ ಬೋಟುಗಳ ಸುತ್ತ ಗಿರಕಿ ಹೊಡೆಯುವ ಗುಂಪಿನಲ್ಲಿ ಇವೇ ಜಾಸ್ತಿ. ಲಡಾಖಿನ ಸರೋವರಗಳ ಬಳಿ ಗೂಡು ಕಟ್ಟುವ ಜಾತಿ ಇದು. ಒಳನಾಡಿನ ದೊಡ್ಡ ಜಲಾಶಯಗಳ ಹಿನ್ನೀರಿಗೂ ಕೆಲವು ಬರುತ್ತವೆ. ಇದರ ಜೊತೆಗೇ ಕಪ್ಪುತಲೆ ಕಡಲಕ್ಕಿ ಬೆರೆತಿರುತ್ತದೆ. ಅದು ಸ್ವಲ್ಪ ಚಿಕ್ಕದು, ಯುರೋಪಿನಿಂದ ಏಷ್ಯಾದ ಪೂರ್ವದವರೆಗೆ ಹರಡಿರುವ ಜಾತಿ. ಎರಡೂ ಸುಮಾರು 40 ಸೆಂ.ಮೀ. ಆಸುಪಾಸಿನ ಹಕ್ಕಿಗಳು, ಊರ ಕಾಗೆಯಷ್ಟೇ ಉದ್ದ.

ಎರಡಕ್ಕೂ ತಲೆಯ ಬಣ್ಣದಿಂದ ಹೆಸರಿಟ್ಟಿದ್ದಾರೆ, ಚಳಿಗಾಲದಲ್ಲಿ ಆ ಬಣ್ಣ ಇರುವುದೇ ಇಲ್ಲ. ಗೂಡಿನ ಕಾಲ ಮುಗಿಯುತ್ತಿದ್ದಂತೆ ತಲೆಯ ಕಂದು ಗರಿಗಳು ಉದುರಿ ಬಿಳಿ ಬರುತ್ತದೆ, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಮಾತ್ರ ಉಳಿಯುತ್ತದೆ. ಫೆಬ್ರವರಿ–ಮಾರ್ಚ್ ಹೊತ್ತಿಗೆ ಮತ್ತೆ ಕಂದು ಮೂಡುತ್ತದೆ. ಆ ದಿನಗಳಲ್ಲಿ ಅರ್ಧ ಬಿಳಿ ಅರ್ಧ ಕಂದಿನ ಚುಕ್ಕೆ ಚುಕ್ಕೆ ತಲೆಗಳು ಒಂದೇ ಗುಂಪಿನಲ್ಲಿ ಕಾಣುತ್ತವೆ. ಕಪ್ಪುತಲೆಯ ತಲೆ ಕೂಡ ನಿಜವಾಗಿ ಗಾಢ ಚಾಕೊಲೇಟ್ ಕಂದು, ದೂರಕ್ಕೆ ಕಪ್ಪಾಗಿ ಕಾಣುತ್ತದೆ ಅಷ್ಟೆ. ತಲೆಯನ್ನೇ ನಂಬಿದರೆ ವರ್ಷದ ಬಹುಪಾಲು ಇವನ್ನು ಬೇರೆ ಮಾಡಲಾಗುವುದಿಲ್ಲ.

ನಂಬಬೇಕಾದದ್ದು ರೆಕ್ಕೆಯ ತುದಿಯನ್ನು. ಬೆಳೆದ ಕಂದುತಲೆ ಹಾರುವಾಗ ರೆಕ್ಕೆಯ ತುದಿಯಲ್ಲಿ ಅಗಲವಾದ ಕಪ್ಪು ಕಾಣುತ್ತದೆ. ಆ ಕಪ್ಪಿನೊಳಗೆ, ಅತಿ ಹೊರಗಿನ ಎರಡು ಗರಿಗಳಲ್ಲಿ, ಸ್ಪಷ್ಟವಾದ ಬಿಳಿ ಮಚ್ಚೆಗಳಿವೆ. ಇವನ್ನು ಮಿರರ್ ಎನ್ನುತ್ತಾರೆ. ಕಪ್ಪಿನ ಹಿಂದೆ, ರೆಕ್ಕೆಯ ಮಧ್ಯದ ಕಡೆಗೆ, ದೊಡ್ಡ ಬಿಳಿ ಪಟ್ಟೆ. ಕಪ್ಪುತಲೆಯಲ್ಲಿ ಈ ಏರ್ಪಾಡೇ ಬೇರೆ: ರೆಕ್ಕೆಯ ಮುಂದಿನ ಅಂಚಿನುದ್ದಕ್ಕೂ ತುದಿಯವರೆಗೆ ಬಿಳಿ ಬೆಣೆಯಿದೆ, ಕಪ್ಪು ಇರುವುದು ಗರಿಗಳ ಕೊನೆಯಲ್ಲಿ ಸಣ್ಣ ಅಂಚಾಗಿ ಮಾತ್ರ. ಕೆಳಗಿನಿಂದ ನೋಡಿದರೂ ಆ ಬಿಳಿ ಅಂಚು, ಅದರ ಹಿಂದಿನ ಗಾಢ ಬೂದು ಕಾಣುತ್ತದೆ. ಒಮ್ಮೆ ಎರಡನ್ನೂ ಅಕ್ಕಪಕ್ಕ ಹಾರುವಾಗ ನೋಡಿದವರು ಮುಂದೆ ದುರ್ಬೀನು ಇಲ್ಲದೆಯೂ ಹೇಳಬಲ್ಲರು.

ಕುಳಿತ ಹಕ್ಕಿಯಾದರೆ ಕಣ್ಣು. ಬೆಳೆದ ಕಂದುತಲೆಯ ಕಣ್ಣಿನಲ್ಲಿ ಪಾಪೆಯ ಸುತ್ತಲಿನ ಬಳೆ ತಿಳಿ ಹಳದಿ-ಬಿಳುಪು, ಅದರಿಂದ ಹಕ್ಕಿ ದಿಟ್ಟಿಸಿ ನೋಡುತ್ತಿರುವಂತೆ ತೋರುತ್ತದೆ. ಕಪ್ಪುತಲೆಯ ಕಣ್ಣು ಪೂರ್ತಿ ಗಾಢ. ಕಂದುತಲೆಯ ಕೊಕ್ಕು ತುಸು ದಪ್ಪ.

ಈಗ ಎಳೆಯವು. ಬೋಟಿನ ಕಟಕಟೆಯ ಮೇಲೆ ಕುಳಿತ ಒಂದು ಮೊದಲ ಚಳಿಗಾಲದ ಕಂದುತಲೆಯನ್ನು ಹತ್ತಿರದಿಂದ ನೋಡೋಣ. ಬೆನ್ನು ಆಗಲೇ ತಿಳಿ ಬೂದು, ಆ ಗರಿಗಳು ಹೊಸವು. ಮಡಚಿದ ರೆಕ್ಕೆಯ ಮೇಲೆ ಕಂದು ಗರಿಗಳ ಸಾಲು, ಪ್ರತಿಯೊಂದರ ನಡುವೆ ಕಡು ಕಂದು, ಸುತ್ತ ಮಾಸಿದ ತಿಳಿ ಅಂಚು. ಇವು ಗೂಡಿನಲ್ಲೇ ಮೂಡಿದವು. ಕೊಕ್ಕು ಕಿತ್ತಳೆ, ತುದಿ ಕಪ್ಪು. ಕಾಲೂ ಕಿತ್ತಳೆಯೇ, ಬೆಳೆದವುಗಳ ಕೆಂಪು ಇನ್ನೂ ಬಂದಿಲ್ಲ. ರೆಕ್ಕೆ ಬಿಚ್ಚಿ ಹಾರಿದೊಡನೆ ಬಾಲದ ತುದಿಯಲ್ಲಿ ಕಪ್ಪು ಪಟ್ಟಿ, ರೆಕ್ಕೆಯ ಹಿಂದಿನ ಅಂಚಿನಲ್ಲೂ ಕಪ್ಪು. ತುದಿಯ ಕಪ್ಪಿನಲ್ಲಿ ಬಿಳಿ ಮಿರರ್ ಇಲ್ಲ. ಕಣ್ಣೂ ಇನ್ನೂ ಗಾಢವಾಗಿರಬಹುದು, ಬಳೆ ತಿಳಿಯಾಗುವುದು ನಿಧಾನವಾಗಿ.

ಹೊಸಬರು ಎಡವುವುದು ಇಲ್ಲಿಯೇ. 'ಕಂದುತಲೆಗೆ ಮಿರರ್ ಇರಬೇಕು, ತಿಳಿ ಕಣ್ಣು ಇರಬೇಕು' ಎಂದು ಓದಿಕೊಂಡು ಹೋದವರು ಎರಡೂ ಇಲ್ಲದ ಈ ಹಕ್ಕಿಯನ್ನು ಕಪ್ಪುತಲೆ ಎಂದು ಬರೆದುಬಿಡುತ್ತಾರೆ. ಆ ಲಕ್ಷಣಗಳು ಬೆಳೆದ ಹಕ್ಕಿಯವು. ಬಾಲದ ಪಟ್ಟಿ ಕಂಡು 'ಇದು ಎಳೆಯದು' ಎಂದು ಮೊದಲು ತೀರ್ಮಾನಿಸಿದ್ದರೆ ಕೇಳಬೇಕಾದ ಪ್ರಶ್ನೆ ಬೇರೆಯಾಗುತ್ತಿತ್ತು: ಎಳೆಯ ಕಪ್ಪುತಲೆಯ ರೆಕ್ಕೆಯ ತುದಿ ಹೇಗಿರುತ್ತದೆ? ಅದರಲ್ಲಿ ಹೊರಗಿನ ಗರಿಗಳಲ್ಲಿ ಉದ್ದುದ್ದ ಬಿಳಿ ಗೆರೆಗಳು ತುದಿಯ ಕಡೆಗೆ ಸಾಗಿರುತ್ತವೆ. ಎಳೆಯ ಕಂದುತಲೆಯಲ್ಲಿ ತುದಿ ಇಡಿಯಾಗಿ ಕಪ್ಪು, ಬಿಳಿ ಇರುವುದು ಅದರ ಹಿಂದೆ.

ಬೆಳೆದ ಹಕ್ಕಿಯೂ ಕೆಲವೊಮ್ಮೆ ಮಿರರ್ ಇಲ್ಲದೆ ಬರುತ್ತದೆ. ರೆಕ್ಕೆತುದಿಯ ಹಾರುಗರಿಗಳು ಹತ್ತು. ಅವು ಒಳಗಿನಿಂದ ಹೊರಕ್ಕೆ ಒಂದೊಂದಾಗಿ ಬದಲಾಗುತ್ತವೆ, ಒಂಬತ್ತು ಮತ್ತು ಹತ್ತನೆಯದರ ಸರದಿ ಕೊನೆಗೆ. ಮಿರರ್ ಇರುವುದು ಆ ಎರಡರಲ್ಲೇ. ಅವು ಉದುರಿ, ಹೊಸವು ಇನ್ನೂ ಅರ್ಧ ಬೆಳೆದಿರುವಾಗ ರೆಕ್ಕೆಯ ತುದಿ ಮೊಂಡಾಗಿ, ಬಿಳಿ ಮಚ್ಚೆಯಿಲ್ಲದೆ ಕಾಣುತ್ತದೆ. ಬಾಲ ಪೂರ್ತಿ ಬಿಳಿ, ಕೊಕ್ಕು ಕೆಂಪು, ಕಣ್ಣು ತಿಳಿ ಎಂದಿದ್ದರೆ ಅದು ಬೆಳೆದ ಕಂದುತಲೆಯೇ.

ತೆಳುಕೊಕ್ಕಿನದು

ಸ್ಲೆಂಡರ್ ಬಿಲ್ಡ್ ಗಲ್ ಗುಜರಾತಿನ ಕರಾವಳಿಯಲ್ಲಿ ಧಾರಾಳ, ನಮ್ಮಲ್ಲಿ ಕಡಿಮೆ. ಇದಕ್ಕೆ ಯಾವ ಕಾಲದಲ್ಲೂ ಕಂದು ತಲೆ ಬರುವುದಿಲ್ಲ. ರೆಕ್ಕೆಯ ವಿನ್ಯಾಸ ಕಪ್ಪುತಲೆಯದನ್ನೇ ಹೋಲುವುದರಿಂದ ಇಲ್ಲಿ ಬಣ್ಣಕ್ಕಿಂತ ಆಕಾರ ಮುಖ್ಯ. ಹಣೆ ಉದ್ದಕ್ಕೆ ಇಳಿಜಾರಾಗಿ ಕೊಕ್ಕಿಗೆ ಸೇರುತ್ತದೆ, ಕೊಕ್ಕು ಉದ್ದ, ಕತ್ತು ಚಾಚಿದಾಗ ಹಕ್ಕಿ ಎತ್ತರವಾಗಿ ಕಾಣುತ್ತದೆ. ಕಣ್ಣಿನ ಹಿಂದಿನ ಮಚ್ಚೆ ಇದ್ದರೂ ಮಸುಕು. ಬೇಸಿಗೆ ಹತ್ತಿರವಾದಂತೆ ಎದೆ-ಹೊಟ್ಟೆಯ ಮೇಲೆ ತಿಳಿ ಗುಲಾಬಿ ಛಾಯೆ ಬರುವುದುಂಟು.

ದೊಡ್ಡವುಗಳ ನಾಲ್ಕು ಚಳಿಗಾಲ

ಅಳಿವೆಯ ಮರಳುದಿಬ್ಬದ ಮೇಲೆ ಕಂದುತಲೆಗಳ ನಡುವೆ ಒಂದೂವರೆ ಪಟ್ಟು ದೊಡ್ಡದಾದ, ಬೆನ್ನು ಗಾಢ ಬೂದಾದ ಹಕ್ಕಿ ನಿಂತಿದ್ದರೆ ಅದು ಬಹುಶಃ ಹ್ಯೂಗ್ಲಿನ್ಸ್ ಗಲ್. ಉತ್ತರ ರಷ್ಯಾದ ಟಂಡ್ರಾದಲ್ಲಿ ಮರಿ ಮಾಡುವ ಹಕ್ಕಿ. ಉದ್ದ ಸುಮಾರು 60 ಸೆಂ.ಮೀ. ಬೆಳೆದದ್ದಕ್ಕೆ ಹಳದಿ ಕಾಲು, ಹಳದಿ ಕೊಕ್ಕು, ಕೊಕ್ಕಿನ ಕೆಳಭಾಗದ ತುದಿಯ ಬಳಿ ಕೆಂಪು ಚುಕ್ಕೆ. ಚಳಿಗಾಲದಲ್ಲಿ ಕತ್ತಿನ ಹಿಂಭಾಗದಲ್ಲಿ ಕಂದು ಗೀರುಗಳು.

ಇದೇ ಹಕ್ಕಿಯ ಮೊದಲ ಚಳಿಗಾಲದ ರೂಪ ನೋಡಿದರೆ ತಂದೆ-ತಾಯಿಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನಬೇಕು. ಮೈಯೆಲ್ಲ ಕಂದು-ಬಿಳಿ ಮಿಶ್ರ, ಕೊಕ್ಕು ಕಪ್ಪು, ಕಣ್ಣು ಕಪ್ಪು, ಕಾಲು ಮಾಸಲು ಗುಲಾಬಿ, ಬಾಲದ ತುದಿಯಲ್ಲಿ ಅಗಲ ಕಪ್ಪು ಪಟ್ಟಿ. ಎರಡನೆಯ ಚಳಿಗಾಲದಲ್ಲಿ ಬೆನ್ನಿನ ಮೇಲೆ ಅಲ್ಲಲ್ಲಿ ಬೂದು ಗರಿ ಇಣುಕುತ್ತವೆ, ಕೊಕ್ಕಿನ ಬುಡ ತಿಳಿಯಾಗುತ್ತದೆ, ತಲೆ ಬಿಳಿಯತ್ತ ಹೊರಳುತ್ತದೆ. ಮೂರನೆಯದರಲ್ಲಿ ದೂರದಿಂದ ಬೆಳೆದದ್ದೇ ಅನ್ನಿಸುವಷ್ಟು ಬೂದು. ಹತ್ತಿರ ಹೋದರೆ ರೆಕ್ಕೆಯಲ್ಲಿ ಕಂದಿನ ತೇಪೆ, ಬಾಲದಲ್ಲಿ ಕಪ್ಪಿನ ಚೂರು, ಹಳದಿಯಾಗುತ್ತಿರುವ ಕೊಕ್ಕಿನ ಮೇಲೆ ಕಪ್ಪು ಪಟ್ಟಿ ಸಿಗುತ್ತವೆ. ನಾಲ್ಕನೆಯ ಚಳಿಗಾಲಕ್ಕೆ ಅದೆಲ್ಲ ಹೋಗುತ್ತದೆ. ಪ್ರತಿ ಹಕ್ಕಿಯೂ ಇದೇ ವೇಗದಲ್ಲಿ ಸಾಗುವುದಿಲ್ಲ. ಎರಡನೆಯದೋ ಮೂರನೆಯದೋ ಎಂಬ ಅನುಮಾನ ಅನುಭವಿಗಳಿಗೂ ಬರುತ್ತದೆ, ಆಗ 'ಎರಡನೆಯ ಅಥವಾ ಮೂರನೆಯ ಚಳಿಗಾಲ' ಎಂದು ಬರೆಯುವುದು ಸರಿಯಾದ ಕ್ರಮ.

ಎಳೆಯವು ಕಂದಾಗಿರುವುದು ಏಕೆ? ಗೂಡಿನ ಸುತ್ತಲಿನ ನೆಲ, ಒಣಹುಲ್ಲು, ಕಲ್ಲುಗಳ ನಡುವೆ ಕಂದು ಮೈ ಕಣ್ಣಿಗೆ ಬೀಳದು ಎಂಬುದು ಒಂದು ವಿವರಣೆ. ಇನ್ನೊಂದು, 'ನಾನು ನಿನ್ನ ಜಾಗಕ್ಕೆ ಸ್ಪರ್ಧಿಯಲ್ಲ' ಎಂದು ಹಿರಿಯ ಹಕ್ಕಿಗೆ ಅದು ಹೇಳುತ್ತದೆ ಎಂಬುದು. ಎರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯಿಲ್ಲ.

ಹ್ಯೂಗ್ಲಿನ್ಸ್ ಜೊತೆಗೆ ಸ್ಟೆಪಿ ಗಲ್ ಕೂಡ ಬರುತ್ತದೆ. ಅದರ ತವರು ನೈಋತ್ಯ ಸೈಬೀರಿಯಾ ಮತ್ತು ಉತ್ತರ ಕಜಕಸ್ತಾನ. ಬೆನ್ನಿನ ಬೂದು ಒಂದು ಮೆಟ್ಟಿಲು ತಿಳಿ. ಚಳಿಗಾಲದಲ್ಲಿ ಕೊಕ್ಕಿನ ಕೆಂಪು ಚುಕ್ಕೆಯ ಜೊತೆ ಕಪ್ಪು ಗುರುತೂ ಆಗಾಗ ಇರುತ್ತದೆ. ಈ ಎರಡನ್ನು ಬಿಡಿಸುವಾಗ ಮೋಲ್ಟ್ ಕೈಹಿಡಿಯುತ್ತದೆ. ಟಂಡ್ರಾದಲ್ಲಿ ಬೇಸಿಗೆ ತಡವಾಗಿ ಬರುವುದರಿಂದ ಹ್ಯೂಗ್ಲಿನ್ಸ್‌ನ ಸಂತಾನ ಕಾಲವೂ ತಡ, ಗರಿ ಬದಲಾವಣೆಯೂ ತಡ. ಜನವರಿ–ಫೆಬ್ರವರಿಯಲ್ಲಿ ಬೆಳೆದ ಹ್ಯೂಗ್ಲಿನ್ಸ್‌ನ ರೆಕ್ಕೆಯಲ್ಲಿ ಅತಿ ಹೊರಗಿನ ಗರಿಗಳು ಇನ್ನೂ ಬೆಳೆಯುತ್ತಿರುವುದನ್ನು ನೋಡಬಹುದು: ಮಡಚಿದ ರೆಕ್ಕೆ ಬಾಲದಿಂದಾಚೆ ಚಾಚಿಕೊಳ್ಳಬೇಕಾದಷ್ಟು ಚಾಚಿರುವುದಿಲ್ಲ. ದಕ್ಷಿಣದ ಹುಲ್ಲುಗಾವಲಿನಿಂದ ಬಂದ ಸ್ಟೆಪಿ ಗಲ್ ಆ ಕೆಲಸವನ್ನು ಸಾಮಾನ್ಯವಾಗಿ ಅದಕ್ಕಿಂತ ಮೊದಲೇ ಮುಗಿಸಿರುತ್ತದೆ. ತವರಿನ ಹವೆ ಎಷ್ಟು ತಣ್ಣಗಿತ್ತು ಎಂಬುದು ಮರವಂತೆಯ ಮರಳಿನ ಮೇಲೆ ನಿಂತ ಹಕ್ಕಿಯ ರೆಕ್ಕೆಯಲ್ಲಿ ಗೊತ್ತಾಗುವುದು ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಪ್ರಿಯವಾದ ಸಂಗತಿ.

ಪಲಾಸಸ್ ಗಲ್: ಬೇಗ ಬೂದಾಗುವ ದೈತ್ಯ

ನಮ್ಮ ಕಡಲಕ್ಕಿಗಳಲ್ಲೆಲ್ಲ ದೊಡ್ಡದು ಪಲಾಸಸ್ ಗಲ್. 1773ರಲ್ಲಿ ಇದನ್ನು ಮೊದಲು ವೈಜ್ಞಾನಿಕವಾಗಿ ವಿವರಿಸಿದ ಪೀಟರ್ ಸೈಮನ್ ಪಲಾಸ್ ಹೆಸರಿನಿಂದ ಕರೆಯುತ್ತಾರೆ. 60ರಿಂದ 70 ಸೆಂ.ಮೀ. ಉದ್ದ, ಅಂದರೆ ಬಂದರಿನ ಮೇಲೆ ಸುತ್ತುವ ಗರುಡನಿಗಿಂತ ದೊಡ್ಡದು. ಹಣೆ ಚಪ್ಪಟೆಯಾಗಿ ಉದ್ದಕ್ಕೆ ಇಳಿದು ಭಾರವಾದ ಕೊಕ್ಕಿಗೆ ಸೇರುತ್ತದೆ. ಸಂತಾನ ಕಾಲದಲ್ಲಿ ತಲೆ ನಿಜಕ್ಕೂ ಕಡುಕಪ್ಪು, ಕಣ್ಣಿನ ಮೇಲೆ-ಕೆಳಗೆ ಬಿಳಿ ಅರ್ಧಚಂದ್ರ, ಹಳದಿ ಕೊಕ್ಕಿನಲ್ಲಿ ಕಪ್ಪು ಪಟ್ಟಿ ಮತ್ತು ಕೆಂಪು. ಚಳಿಗಾಲದಲ್ಲಿ ಕಣ್ಣಿನ ಸುತ್ತ, ಹಿಂದೆ ಮಸಿ ಒರೆಸಿದಷ್ಟು ಕಪ್ಪು ಉಳಿಯುತ್ತದೆ.

ಇದೂ ನಾಲ್ಕು ವರ್ಷದ ಗಲ್, ಆದರೆ ದೊಡ್ಡವುಗಳ ವಾಡಿಕೆಯನ್ನು ಒಂದು ಕಡೆ ಮುರಿಯುತ್ತದೆ. ಮೊದಲ ಚಳಿಗಾಲದಲ್ಲೇ ಇದರ ಬೆನ್ನಿಗೆ ಬೂದು ಬಂದುಬಿಟ್ಟಿರುತ್ತದೆ. ಬಾಲ ಅಚ್ಚ ಬಿಳಿ, ತುದಿಯಲ್ಲಿ ಕತ್ತರಿಸಿ ಅಂಟಿಸಿದಷ್ಟು ಸ್ಪಷ್ಟವಾದ ಕಪ್ಪು ಪಟ್ಟಿ. ಹ್ಯೂಗ್ಲಿನ್ಸ್‌ನ ಲೆಕ್ಕ ಹಿಡಿದು 'ಬೆನ್ನು ಬೂದು, ಆದ್ದರಿಂದ ಎರಡನೆಯ ಅಥವಾ ಮೂರನೆಯ ಚಳಿಗಾಲ' ಎಂದರೆ ಇಲ್ಲಿ ತಪ್ಪುತ್ತದೆ. ರೆಕ್ಕೆಯ ಕಂದು ಗರಿಗಳನ್ನೂ ಬಾಲದ ಪಟ್ಟಿಯನ್ನೂ ಒಟ್ಟಿಗೆ ನೋಡಿದರೆ ಮಾತ್ರ ಸರಿಹೋಗುತ್ತದೆ.

ಹೆಸರುಗಳು ಏಕೆ ಬದಲಾಗುತ್ತಿರುತ್ತವೆ

ಒಂದು ಪುಸ್ತಕದಲ್ಲಿ ಹ್ಯೂಗ್ಲಿನ್ಸ್ ಗಲ್ ಸ್ವತಂತ್ರ ಜಾತಿ, ಇನ್ನೊಂದರಲ್ಲಿ ಲೆಸ್ಸರ್ ಬ್ಲ್ಯಾಕ್ ಬ್ಯಾಕ್ಡ್ ಗಲ್‌ನ ಉಪಜಾತಿ. ಹಕ್ಕಿವೀಕ್ಷಕರು ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲೂ ಅದು ಉಪಜಾತಿಯಾಗಿಯೇ ಇದೆ. ದೊಡ್ಡ ಬಿಳಿತಲೆ ಕಡಲಕ್ಕಿಗಳು ವಿಕಾಸದ ಲೆಕ್ಕದಲ್ಲಿ ಇತ್ತೀಚೆಗೆ ಬೇರೆಯಾದವು, ಅಲ್ಲಲ್ಲಿ ಪರಸ್ಪರ ಬೆರೆಯುತ್ತವೆ. ಆರ್ಕ್ಟಿಕ್ ಸುತ್ತ ಇವು ಉಂಗುರದಾಕಾರದಲ್ಲಿ ಹರಡಿ, ಉಂಗುರದ ಎರಡು ತುದಿ ಕೂಡುವಲ್ಲಿ ಮಾತ್ರ ಬೇರೆ ಜಾತಿಗಳಾಗಿವೆ ಎಂಬ ವಿವರಣೆ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲಿತ್ತು. 2004ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ಆ ಚಿತ್ರ ಸರಿಯಲ್ಲ ಎಂದು ತೋರಿಸಿತು. ಹೊಸ ಅಧ್ಯಯನ ಬಂದಂತೆ ಪಟ್ಟಿಗಳು ಬದಲಾಗುತ್ತವೆ. ಹಾಗಾಗಿ ಹೆಸರಿನ ಜೊತೆ ಬೆನ್ನಿನ ಬಣ್ಣ, ಕಾಲಿನ ಬಣ್ಣ, ಮೋಲ್ಟ್ ಸ್ಥಿತಿ ಬರೆದಿಟ್ಟವರ ಟಿಪ್ಪಣಿ ನಾಳೆ ಹೆಸರು ಬದಲಾದರೂ ಉಪಯೋಗಕ್ಕೆ ಬರುತ್ತದೆ.

ಬೆಳಕು ಮತ್ತು ಕ್ಯಾಮೆರಾ

ಬೂದು ಬಣ್ಣದಷ್ಟು ಮೋಸ ಮಾಡುವ ಬಣ್ಣ ಇನ್ನೊಂದಿಲ್ಲ. ನಡುಮಧ್ಯಾಹ್ನದ ಬಿಸಿಲಿನಲ್ಲಿ, ಹೊಳೆಯುವ ಮರಳಿನ ಮೇಲೆ, ಗಾಢ ಬೆನ್ನೂ ತಿಳಿಯಾಗಿ ಕಾಣುತ್ತದೆ. ಅದೇ ಹಕ್ಕಿ ಸೂರ್ಯನಿಗೆ ಬೆನ್ನು ತಿರುಗಿಸಿದರೆ ಒಂದು ಬೂದು, ಪಕ್ಕಕ್ಕೆ ಹೊರಳಿದರೆ ಇನ್ನೊಂದು. ಮೊಬೈಲ್ ಕ್ಯಾಮೆರಾ ತಾನೇ ಬೆಳಕು ಸರಿಪಡಿಸಿಕೊಳ್ಳುವುದರಿಂದ ಚಿತ್ರದ ಬೂದು ಇನ್ನಷ್ಟು ಬದಲಾಗಿರುತ್ತದೆ. ಬೆಳಗಿನ ಮೆತ್ತನೆಯ ಬೆಳಕು ಅಥವಾ ಮೋಡದ ದಿನ ಒಳ್ಳೆಯದು. ಪಕ್ಕದಲ್ಲಿ ಗುರುತು ಸಿಕ್ಕ ಜಾತಿಯೊಂದು ಅದೇ ದಿಕ್ಕಿಗೆ ಮುಖ ಮಾಡಿ ನಿಂತಿರುವಾಗ ತೆಗೆದ ಚಿತ್ರ ಇನ್ನೂ ಒಳ್ಳೆಯದು, ಬಣ್ಣಕ್ಕೂ ಗಾತ್ರಕ್ಕೂ ಅಳತೆಗೋಲು ಸಿಗುತ್ತದೆ.

ಕುಳಿತ ಹಕ್ಕಿಯ ಹತ್ತು ಚೆಂದದ ಚಿತ್ರಗಳಿಗಿಂತ ರೆಕ್ಕೆ ಬಿಚ್ಚಿದ ಒಂದು ಮಂಕು ಚಿತ್ರ ಹೆಚ್ಚು ಹೇಳುತ್ತದೆ. ರೆಕ್ಕೆತುದಿಯ ಮೇಲ್ಭಾಗ, ರೆಕ್ಕೆಯ ಹಿಂದಿನ ಅಂಚು, ಬಾಲ ಮೂರೂ ಅದರಲ್ಲಿ ಬರಬೇಕು. ಅದಕ್ಕಾಗಿ ಗುಂಪನ್ನು ಓಡಿಸಿ ಹಾರಿಸುವುದು ಬೇಡ. ದೂರದಿಂದ ಬಂದು ಬಳಲಿದ ಹಕ್ಕಿಗಳವು, ಸ್ವಲ್ಪ ಕಾದರೆ ಬೋಟೊಂದು ಬರುತ್ತದೆ, ತಾವಾಗಿಯೇ ಏಳುತ್ತವೆ.

ಕಾಲಿನಲ್ಲಿ ಉಂಗುರ ಅಥವಾ ಬಣ್ಣದ ಪಟ್ಟಿ ಕಂಡರೆ ಅದರ ಮೇಲಿನ ಅಕ್ಷರ, ಸಂಖ್ಯೆ, ಬಣ್ಣ, ಯಾವ ಕಾಲು ಎಂಬುದನ್ನು ಗುರುತಿಸಿಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಬಹುದು. ದೇಶದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸದಲ್ಲಿ ಬಹುಕಾಲದ ಅನುಭವವಿರುವ ಸಂಸ್ಥೆ ಅದು. ಗಾಯಗೊಂಡ ಹಕ್ಕಿ ಸಿಕ್ಕರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು.

1987ರಿಂದ ನಡೆಯುತ್ತಿರುವ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಪ್ರತಿ ಜನವರಿಯಲ್ಲಿ ಬರುತ್ತದೆ, ಫೆಬ್ರವರಿಯಲ್ಲಿ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್. ಎರಡರಲ್ಲೂ ಸಾಮಾನ್ಯರು ಪಾಲ್ಗೊಳ್ಳಬಹುದು. ಗುಂಪನ್ನು ಎಣಿಸುವಾಗ ಎಷ್ಟು ಬೆಳೆದವು, ಎಷ್ಟು ಮೊದಲ ಚಳಿಗಾಲದವು ಎಂದು ಬೇರೆ ಬೇರೆ ಬರೆದರೆ ಆ ವರ್ಷ ತವರಿನಲ್ಲಿ ಮರಿಗಳು ಎಷ್ಟರ ಮಟ್ಟಿಗೆ ಉಳಿದವು ಎಂಬುದರ ಸುಳಿವೂ ಸಿಗುತ್ತದೆ. ಹೆಸರು ಹೊಳೆಯದ ಹಕ್ಕಿಯನ್ನು ಒತ್ತಾಯದಿಂದ ಯಾವುದೋ ಜಾತಿಗೆ ಸೇರಿಸುವ ಅಗತ್ಯವಿಲ್ಲ, 'ದೊಡ್ಡ ಕಡಲಕ್ಕಿ, ಮೊದಲ ಚಳಿಗಾಲ' ಎಂಬ ದಾಖಲೆಗೂ ಬೆಲೆಯಿದೆ.

ಮಳೆಗಾಲದಲ್ಲಿ ಉಳಿದವು

ಏಪ್ರಿಲ್ ಕಳೆದ ಮೇಲೂ ಕೆಲವು ಕಡಲಕ್ಕಿಗಳು ಬಂದರುಗಳ ಬಳಿ ಉಳಿದುಬಿಡುತ್ತವೆ. ಹೆಚ್ಚಿನವು ಕಳೆದ ವರ್ಷವಷ್ಟೇ ಹುಟ್ಟಿದವು. ಅವಕ್ಕಿನ್ನೂ ಗೂಡು ಕಟ್ಟುವ ವಯಸ್ಸಾಗಿಲ್ಲ, ಅಷ್ಟು ದೂರ ಹಾರಿಹೋಗುವ ಅವಸರವೂ ಇಲ್ಲ. ಮೇ–ಜೂನ್‌ನಲ್ಲಿ ಇಂಥದ್ದು ಕಂಡರೆ ಪುಸ್ತಕದ ಯಾವ ಚಿತ್ರಕ್ಕೂ ಹೊಂದುವುದಿಲ್ಲ. ರೆಕ್ಕೆಯ ಹೊದಿಕೆಗರಿಗಳು ಬಿಸಿಲಿಗೆ ಬಿಳಿಚಿ, ಅಂಚು ಹರಿದು, ಹಾರುಗರಿಗಳ ಕಪ್ಪು ಕಂದಿಗೆ ತಿರುಗಿರುತ್ತದೆ. ನಡುವೆ ಹೊಸದಾಗಿ ಮೂಡುತ್ತಿರುವ ಒಂದೆರಡು ಒಳಗರಿಗಳು ಮಾತ್ರ ಸ್ವಚ್ಛ ಬೂದು. ಅಪರೂಪದ ಜಾತಿ ಎಂದು ಸಂಭ್ರಮಿಸುವ ಮೊದಲು ಆ ಹೊಸ ಗರಿಗಳನ್ನು ಹುಡುಕಿ. ಇಡೀ ರೆಕ್ಕೆ ಯಾವ ಬಣ್ಣಕ್ಕೆ ತಿರುಗಲಿದೆ ಎಂಬುದನ್ನು ಅವು ಆಗಲೇ ತೋರಿಸುತ್ತಿರುತ್ತವೆ.